ಸರದಿ ತಪ್ಪಿದ ನೀರು

ಧಾರಾವಾಹಿಯ ಮೂರನೆಯ ಕಂತಿನಲ್ಲಿ ನನ್ನ ತಾಯಿಯ ತುಟಿಗೆ ಬಣ್ಣ ಬಳಿದಿದ್ದರು. ನನ್ನ ತಾಯಿ ಜೀವಮಾನದಲ್ಲಿ ತುಟಿಗೆ ಹಚ್ಚಿದ್ದು ಬೆಣ್ಣೆಯೊಂದೇ, ಅದೂ ಚಳಿಗೆ ಒಡೆದಾಗ. ಟೀವಿಯಲ್ಲಿ ಆಕೆಯ ಹೆಸರು ಮೋಹಿನಿ. ಸ್ವಿಚ್‌ಬೋರ್ಡಿನ ಮುಂದೆ ತಿರುಗುವ ಕುರ್ಚಿಯಲ್ಲಿ ಕೂತು, ಯಾರೋ ಮೀಸೆಯವನ ಜೊತೆ ಫೋನಿನಲ್ಲಿ ಕಿಲಕಿಲ ನಗುತ್ತಿದ್ದಳು. ಬೋರ್ಡಿನ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಅವಳು ಅತ್ತ ನೋಡುತ್ತಿರಲಿಲ್ಲ. ಕೆಂಪು ದೀಪ, ನಗು, ಮತ್ತೆ ಕೆಂಪು ದೀಪ, ಮತ್ತೆ ನಗು. ನೋಡುವವರೆಲ್ಲ ದಡ್ಡರು ಎಂಬಂತೆ ನಾಲ್ಕು ಸಲ ತೋರಿಸಿದರು. ಆಮೇಲೆ ಸೋಪಿನ ಜಾಹೀರಾತು ಬಂತು.

ನನ್ನ ತಾಯಿಯ ಹೆಸರು ಕುಮುದಿನಿ. ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹನ್ನೊಂದು ವರ್ಷ ಆಪರೇಟರ್ ಆಗಿದ್ದಳು. ಆಕೆ ಕೂರುತ್ತಿದ್ದದ್ದು ಬೆನ್ನಿಲ್ಲದ ಮರದ ಸ್ಟೂಲಿನ ಮೇಲೆ. ಬೋರ್ಡಿನಲ್ಲಿ ಕೆಂಪು ದೀಪವೇ ಇರಲಿಲ್ಲ. ಕರೆ ಬಂದರೆ ಸಣ್ಣದೊಂದು ಹಿತ್ತಾಳೆ ಮುಚ್ಚಳ ಟಕ್ಕೆಂದು ಕೆಳಗೆ ಬೀಳುತ್ತಿತ್ತು, ಅಷ್ಟೆ. ಇದನ್ನೆಲ್ಲ ಧಾರಾವಾಹಿ ತೆಗೆದವರು ಕೇಳಬಹುದಿತ್ತು. ನಾನು ಬದುಕಿದ್ದೇನೆ, ಇದೇ ಊರಿನಲ್ಲಿದ್ದೇನೆ, ಟೆಲಿಫೋನ್ ಓಣಿಯ ಚಂಪಾವತಿಯ ಮನೆ ಯಾವುದೆಂದರೆ ಯಾರಾದರೂ ತೋರಿಸುತ್ತಾರೆ. ಅವರು ಕೇಳಲಿಲ್ಲ. ಆ ಧಾರಾವಾಹಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಿಟ್ಟಿ ಪ್ರಚಾರ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಡೆದದ್ದು ದೇಶಕ್ಕೆಲ್ಲ ಗೊತ್ತು. ನಲವತ್ತೊಂದು ವರ್ಷಗಳ ಹಿಂದೆ, ಮಂತ್ರಿಗಳು ಬರುವ ದಿನ, ಊರಿನ ಮೇಲಿನ ಅಣೆಕಟ್ಟು ಒಡೆಯಿತು. ಹೊಳೆದಂಡೆಯ ಮೈದಾನದಲ್ಲಿ ಕಾಗದದ ಬಾವುಟ ಹಿಡಿದು ಸಾಲಾಗಿ ನಿಂತಿದ್ದ ಇನ್ನೂರ ಹನ್ನೆರಡು ಮಕ್ಕಳು ಹೋದರು. ಮಂತ್ರಿಗಳ ಕಾರು ಇನ್ನೂ ದಾರಿಯಲ್ಲಿತ್ತು, ಅಲ್ಲಿಂದಲೇ ತಿರುಗಿಕೊಂಡಿತು. ಮೂರು ದಿನ ದೇಶದ ಬಾವುಟ ಅರ್ಧಕ್ಕೆ ಇಳಿಯಿತು, ರೇಡಿಯೋದಲ್ಲಿ ವೀಣೆ ಬಿಟ್ಟು ಬೇರೇನೂ ಬರಲಿಲ್ಲ, ಅಂಚೆಚೀಟಿ ಬಂತು, ಐದನೆಯ ತರಗತಿಯ ಪುಸ್ತಕದಲ್ಲಿ ಪಾಠ ಬಂತು. ಪ್ರತಿವರ್ಷ ಆ ದಿನ ಮಧ್ಯಾಹ್ನ ಎರಡೂವರೆಗೆ ದೇಶದ ಎಲ್ಲ ಶಾಲೆಗಳಲ್ಲೂ ಎರಡು ನಿಮಿಷ ಎದ್ದು ನಿಲ್ಲುತ್ತಾರೆ. ನಿಂತು, ಕೂತು, ಬಿಟ್ಟ ಲೆಕ್ಕ ಮುಂದುವರಿಸುತ್ತಾರೆ. ನಮಗೆ ಆ ಸೌಕರ್ಯವಿಲ್ಲ. ನಮ್ಮೂರಿನಲ್ಲಿ ಆ ದಿನವನ್ನು ನೆನೆದರೆ ನೀರು ಬರುತ್ತದೆ.

ನೆಲದಿಂದಲೇ ಬರುತ್ತದೆ. ಒಬ್ಬರು ನೆನೆದರೆ ಪಾದ ಮುಳುಗುವಷ್ಟು, ಮನೆಮಂದಿಯೆಲ್ಲ ನೆನೆದರೆ ಮೊಣಕಾಲುದ್ದ. ಕೆಂಪು ಮಣ್ಣಿನ ನೀರು, ಅದರಲ್ಲಿ ಡೀಸೆಲ್ಲಿನ ವಾಸನೆ, ಕಿತ್ತ ಹುಲ್ಲಿನ ವಾಸನೆ. ನೆನಪು ನಿಂತ ಅರ್ಧ ಗಂಟೆಯಲ್ಲಿ ಇಂಗಿಹೋಗಿ ಒಂದು ಪದರ ಮೆಕ್ಕಲು ಉಳಿಯುತ್ತದೆ. ಆ ಮಣ್ಣಿಗೆ ಮಲ್ಲಿಗೆ ಚೆನ್ನಾಗಿ ಬರುತ್ತದೆ. ಮೊದಲನೆಯ ವರ್ಷದ ತಿಥಿಯ ದಿನ ಊರಿಗೆ ಊರೇ ಒಟ್ಟಿಗೆ ನೆನೆದು ಎರಡು ಮನೆಯ ಗೋಡೆ ಕುಸಿದವು. ಆಮೇಲೆ ಸರದಿ ಸಮಿತಿ ಹುಟ್ಟಿತು. ಊರಿನಲ್ಲಿರುವುದು ಒಂಬತ್ತು ಓಣಿ. ದಿನಕ್ಕೊಂದು ಓಣಿಯವರು ನೆನೆಯಬೇಕು, ಹತ್ತನೆಯ ದಿನ ಎಲ್ಲರಿಗೂ ರಜೆ. ಹೀಗಾಗಿ ನಮ್ಮ ಮಂಚಗಳ ಕಾಲಿನ ಕೆಳಗೆ ಇಟ್ಟಿಗೆ ಇರುತ್ತವೆ, ಕರೆಂಟಿನ ಪ್ಲಗ್ಗು ಎದೆಯೆತ್ತರದಲ್ಲಿರುತ್ತದೆ, ಅಕ್ಕಿಮೂಟೆ ಅಟ್ಟದ ಮೇಲಿರುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಜಾತಕವನ್ನಲ್ಲ, ನಿಮ್ಮ ಓಣಿಯ ಸರದಿ ಯಾವತ್ತು ಎಂದು. ಸರದಿಯಲ್ಲದ ದಿನ ಯಾರಾದರೂ ಬಾಯಿತಪ್ಪಿ ಆ ಮಾತೆತ್ತಿದರೆ ಪಕ್ಕದವರು "ನೆಲ, ನೆಲ" ಎನ್ನುತ್ತಾರೆ. ತಕ್ಷಣ ಈರುಳ್ಳಿಯ ಬೆಲೆಗೆ ಹೊರಳಿಕೊಳ್ಳಬೇಕು.

ಈ ಏರ್ಪಾಟಿನಿಂದ ಗೋಡೆಗಳು ಉಳಿದವು, ನಿಜ. ಆದರೆ ನಲವತ್ತು ವರ್ಷ ನಮ್ಮೂರಿನವರು ಯಾರೂ ಇನ್ನೊಂದು ಓಣಿಯವರ ಜೊತೆ ಕೂತು ಆ ದಿನದ ಬಗ್ಗೆ ಮಾತಾಡಲಿಲ್ಲ. ಕುಂಬಾರ ಓಣಿಯವರು ನೆನೆಯುವ ದಿನ ನಾವು ಒಣಗಿದ ನೆಲದ ಮೇಲೆ ಹಪ್ಪಳ ಒತ್ತುತ್ತಿದ್ದೆವು. ನಾವು ನೆನೆಯುವ ದಿನ ಅವರು ಭಟ್ಟಿಗೆ ಬೆಂಕಿ ಹಾಕುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅವರಲ್ಲೇ ಉಳಿಯಿತು, ನಮಗೆ ಗೊತ್ತಿದ್ದದ್ದು ನಮ್ಮಲ್ಲೇ. ನನ್ನ ಅವ್ವನನ್ನು ಯಾರೂ ಬೈಯಲಿಲ್ಲ, ಯಾರೂ ಕೇಳಲೂ ಇಲ್ಲ. ವಿಚಾರಣೆಯ ಆಯೋಗದವರು ಆಪರೇಟರ್ ಎಚ್ಚರಿಕೆಯ ಸೈರನ್ ಒತ್ತಲಿಲ್ಲ, ತಪ್ಪು ಅವಳದೇ ಎಂದು ಬರೆದು ಕೆಲಸದಿಂದ ತೆಗೆದರು. ಅವಳು ಆಮೇಲೆ ಹದಿನಾಲ್ಕು ವರ್ಷ ಹೊಲಿಗೆ ಹೊಲಿದುಕೊಂಡು ಬದುಕಿದಳು. ಒಂದೆರಡು ಸಲ ಅವಳು ಬಾಯಿ ತೆರೆದಾಗ ಎದುರಿಗಿದ್ದವರು "ನೆಲ, ನೆಲ, ಕುಮುದಮ್ಮ" ಎಂದರು. ಮರ್ಯಾದೆಯಿಂದಲೇ ಎಂದರು. ಆ ಮರ್ಯಾದೆಯನ್ನು ಒಲೆಗೆ ಹಾಕಬೇಕು ಎಂದು ನನಗೆ ಈಗ ಅನ್ನಿಸುತ್ತದೆ.

ಸರದಿ ಸಮಿತಿಯ ಅಧ್ಯಕ್ಷರು ಕೊಟ್ರಣ್ಣ. ವಯಸ್ಸು ಅರವತ್ತೈದು, ನಿವೃತ್ತ ವೈರ್‌ಮನ್, ಇಪ್ಪತ್ತೈದು ವರ್ಷಗಳಿಂದ ಅವರೇ ಅಧ್ಯಕ್ಷರು. ಯಾರ ಮನೆಯಲ್ಲಿ ಇಟ್ಟಿಗೆ ಸವೆದಿದೆ, ಯಾರ ಪ್ಲಗ್ಗು ಇನ್ನೂ ಕೆಳಗಿದೆ ಎಂದು ಮನೆಮನೆಗೆ ಹೋಗಿ ನೋಡುವ ಮನುಷ್ಯ. ಅವರ ತಮ್ಮ ಹಾಲೇಶನೂ ಆ ಮೈದಾನದಲ್ಲಿದ್ದ. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಹನ್ನೊಂದು ವರ್ಷದ ಹುಡುಗ. ಊರಿನಲ್ಲಿ ಕೊಟ್ರಣ್ಣನಿಗೆ ಎದುರಾಡುವವರಿಲ್ಲ.

ಧಾರಾವಾಹಿ ಬರುತ್ತದೆ ಎಂದು ಗೊತ್ತಾದಾಗ ಮೊದಲು ಹೆದರಿದ್ದು ಅವರೇ. ಸಂಜೆ ಏಳಕ್ಕೆ ಒಂಬತ್ತೂ ಓಣಿ ಒಟ್ಟಿಗೆ ಟೀವಿ ನೋಡಿದರೆ ಗತಿಯೇನು? ಧ್ವನಿವರ್ಧಕದಲ್ಲಿ ಕೂಗಿಸಿದರು, ಇಟ್ಟಿಗೆ ಹಂಚಿದರು, ಮರಳಿನ ಚೀಲ ತರಿಸಿದರು. ಮೊದಲ ಕಂತಿನ ದಿನ ಇಡೀ ಊರು ಮಂಚದ ಮೇಲೆ, ಮೇಜಿನ ಮೇಲೆ, ಕಾಲು ಮಡಚಿ ಕೂತಿತ್ತು. ನಮ್ಮ ಪಕ್ಕದ ಮನೆಯ ಚನ್ನವೀರಮ್ಮ ಕೋಳಿಗಳನ್ನೂ ಅಟ್ಟಕ್ಕೆ ಹತ್ತಿಸಿದ್ದಳು. ಟೀವಿಯಲ್ಲಿ ಮಕ್ಕಳು ಬಾವುಟ ಹಿಡಿದು ಬಂದವು. ಎಲ್ಲ ಬೆಳ್ಳಗಿದ್ದವು, ಎಲ್ಲಕ್ಕೂ ಬೂಟು. ಪಿಟೀಲು ಕುಯ್ಯತೊಡಗಿತು. ಓಣಿಯ ಉದ್ದಕ್ಕೂ ಒಂದೊಂದು ಮನೆಯಿಂದ ಅಳು ಕೇಳಿಸಿತು. ಊರೆಲ್ಲ ಒಟ್ಟಿಗೆ ಅತ್ತಿತು.

ಒಂದು ಹನಿ ನೀರು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಹಬ್ಬ. ಹೋಟೆಲಿನ ಮುಂದೆ ಹೆಂಗಸರೂ ಗಂಡಸರೂ ನಿಂತು ಬಾಯಿತುಂಬ ಮಾತಾಡುತ್ತಿದ್ದರು. "ನೋಡವ್ವ, ಮನಸಾರೆ ಅತ್ತಂಗೂ ಆತು, ನೆಲಾನೂ ಒಣಗೈತೆ" ಎಂದಳು ಚನ್ನವೀರಮ್ಮ. ಅವಳ ಅಕ್ಕ ಆ ಮೈದಾನದಲ್ಲಿ ಹೋದವಳು. ಎರಡನೆಯ ವಾರದ ಹೊತ್ತಿಗೆ ಜನ ಮಂಚದ ಕೆಳಗಿನ ಇಟ್ಟಿಗೆ ತೆಗೆದು ಹಿತ್ತಿಲಿಗೆ ಒಗೆದರು. ಕೆಲವರು ನೆಲಕ್ಕೆ ಕಾರ್ಪೆಟ್ಟು ತಂದರು. ಸರದಿಯ ದಿನವೂ ನೀರು ಕಡಿಮೆಯಾಗುತ್ತ ಬಂತು. ಕುಂಬಾರ ಓಣಿಯಲ್ಲಿ ಬರೀ ಪಸೆ, ಗಾಣಿಗರ ಓಣಿಯಲ್ಲಿ ಅದೂ ಇಲ್ಲ. ಅವರು ನೆನೆಯಲು ಕೂತರೆ ಕಣ್ಣಿಗೆ ಬರುತ್ತಿದ್ದದ್ದು ಟೀವಿಯ ಮಕ್ಕಳು. ಬೂಟು ಹಾಕಿದ ಮಕ್ಕಳು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಬರಿಗಾಲಿನವು, ಅದನ್ನೇ ಮರೆತರು. ಮರೆತದ್ದಕ್ಕೆ ಸಂತೋಷಪಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯ ಕಂತಿನಲ್ಲಿ ಮೋಹಿನಿ ಬಂದ ಮೇಲೆ ಜನ ನನ್ನನ್ನು ಹೊಸದಾಗಿ ನೋಡತೊಡಗಿದರು. ಕಿರಾಣಿ ಅಂಗಡಿಯವನು ಬೆಲ್ಲ ತೂಗುತ್ತ, "ನಿಮ್ಮವ್ವನ ಪಾರ್ಟು ಮಾಡಿದಾಕೆ ಭಾರಿ ಚೆನ್ನಾಗವ್ಳೆ ಬಿಡ್ರಿ" ಎಂದ. ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ನಾನು ಬೆಲ್ಲವನ್ನು ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ನನ್ನ ಮಗಳು ಧಾರಿಣಿ ಇದ್ದಳು. ಇಪ್ಪತ್ತೊಂದು ವರ್ಷ, ನರ್ಸಿಂಗ್ ಕೊನೆಯ ವರ್ಷ. ಅಜ್ಜಿಯನ್ನು ನೋಡಿದವಳಲ್ಲ. ಅಜ್ಜಿ ಟೆಲಿಫೋನ್ ಆಪರೇಟರ್ ಆಗಿದ್ದಳು, ಕೆಲಸ ಹೋಯಿತು, ಇಷ್ಟೇ ಅವಳಿಗೆ ಗೊತ್ತು. ಮಿಕ್ಕದ್ದನ್ನು ನಾನು ಹೇಳಿರಲಿಲ್ಲ. ಹೇಳಿದರೆ ನೆಲ ಒದ್ದೆಯಾಗುತ್ತದೆ ಎಂಬುದು ನನ್ನ ನೆಪ. ನಿಜವಾದ ಕಾರಣ ಬೇರೆ, ಅದು ಮುಂದೆ ಬರುತ್ತದೆ.

ಆ ಸಂಜೆ ಧಾರಿಣಿ ಟೀವಿ ಆರಿಸಿದಳು. ಆಮೇಲೆ, "ಅಮ್ಮ, ಅಜ್ಜಿ ಹಿಂಗೇ ಇದ್ರಾ?" ಎಂದಳು.

"ಹಿಂಗೇ ಅಂದ್ರೆ?"

"ಯಾರ ಜೊತೆನೋ ಮಾತಾಡ್ತಾ ಕೂತು... ಕಾಲೇಜಲ್ಲಿ ಎಲ್ರೂ ಕೇಳ್ತಾರೆ. ನಾನು ಏನಂತ ಹೇಳ್ಲಿ?"

"ನಿಮ್ಮಜ್ಜಿ ಅಂಥಾಕೆ ಅಲ್ಲ ಅಂತ ಹೇಳು."

"ಮತ್ತೆ ಏನಾತು ಅಂತ ಕೇಳ್ತಾರೆ. ಅದು ನಂಗೇ ಗೊತ್ತಿಲ್ವಲ್ಲ. ನೀ ಯಾವತ್ತು ಹೇಳಿದೀಯ?"

ನಾನು ರೇಗಿದೆ. ಕೈಯಲ್ಲಿದ್ದ ಲೋಟವನ್ನು ಕುಕ್ಕಿದೆ. ಅವಳು ಎದ್ದು ಒಳಗೆ ಹೋದಳು. ಹೋಗುವಾಗ ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ. ಅವಳು ಅರ್ಧ ನಂಬಿಬಿಟ್ಟಿದ್ದಳು.

ಅದಾದ ನಾಲ್ಕನೆಯ ದಿನ ನಮ್ಮ ಓಣಿಯ ಸರದಿ. ಬೇರೆಯವರು ಬಿಟ್ಟರೂ ನಾನು ಬಿಟ್ಟಿರಲಿಲ್ಲ. ಮಧ್ಯಾಹ್ನ ಸೀರೆಯ ನೆರಿಗೆ ಎತ್ತಿ ಕಟ್ಟಿ, ಚಾಪೆ ಸುತ್ತಿಟ್ಟು, ನಡುಮನೆಯಲ್ಲಿ ಕೂತೆ. ಅವ್ವನನ್ನು ನೆನೆದೆ. ಬಂದದ್ದು ಮೋಹಿನಿ. ತಲೆ ಕೊಡವಿ ಮತ್ತೆ ನೆನೆದೆ. ಮತ್ತೆ ಅದೇ ಬಣ್ಣದ ತುಟಿ, ಅದೇ ತಿರುಗುವ ಕುರ್ಚಿ. ಅವ್ವನ ಮೂಗು ಹೇಗಿತ್ತು? ಕೈ ಹೇಗಿತ್ತು? ಗೋಡೆಯ ಮೇಲಿನ ಫೋಟೋ ನೋಡಿದೆ. ಅದು ಯಾರೋ ಪರಿಚಯದ ಹೆಂಗಸಿನ ಫೋಟೋ ಆಗಿತ್ತು. ಎರಡು ತಾಸು ಕೂತೆ. ನೆಲ ಹಾಗೇ ಬೆಚ್ಚಗೆ, ಒಣಗಿಕೊಂಡೇ ಇತ್ತು. ನನ್ನ ತಾಯಿಯನ್ನು ಎರಡನೆಯ ಸಲ ಕಳೆದುಕೊಳ್ಳುತ್ತಿದ್ದೆ. ಆ ಸಲ ಕಾಯಿಲೆ ಒಯ್ದಿತ್ತು, ಈ ಸಲ ಸೋಪಿನ ಕಂಪನಿಯವರು ಒಯ್ಯುತ್ತಿದ್ದರು. ನನಗೆ ಅಳು ಬರಲಿಲ್ಲ, ಯಾರ ಕತ್ತನ್ನಾದರೂ ಹಿಸುಕಬೇಕು ಅನ್ನಿಸಿತು.

ಕೊಟ್ರಣ್ಣ ಬಂದದ್ದು ಧಾರಾವಾಹಿಯ ಕೊನೆಯ ವಾರ, ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಆಹ್ವಾನಪತ್ರಿಕೆಗಳ ಕಟ್ಟು. ಧಾರಿಣಿ ಕಾಫಿ ತಂದುಕೊಟ್ಟು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಭಾನುವಾರ ಕೊನೇ ಕಂತು, ಚಂಪವ್ವ. ಆ ಟೀವಿಯೋರೆಲ್ಲ ಬರ್ತಾರೆ. ಮೈದಾನದಾಗೆ ದೊಡ್ಡ ಪರದೆ ಕಟ್ತೀವಿ, ಊರೆಲ್ಲ ಒಟ್ಟಿಗೆ ಕುಂತು ನೋಡಾದು. ಅವತ್ತೇ ಸರದಿ ಸಮಿತಿ ಮುಗೀತು ಅಂತ ಹೇಳಿಬಿಡ್ತೀನಿ. ಸಾಕು ಇನ್ನ. ಜನ ಒಣಾ ನೆಲದ ಮ್ಯಾಲೆ ಬಾಳ್ವೆ ಮಾಡ್ಲಿ" ಎಂದರು.

"ಸಂತೋಷ. ನನ್ನಿಂದೇನಾಗಬೇಕು?"

ಅವರು ಕಾಫಿ ಲೋಟವನ್ನು ಎರಡು ಸಲ ತಿರುಗಿಸಿದರು. "ನೀನು ವೇದಿಕೆಗೆ ಬರಬೇಕು ತಂಗಿ. ಕೊನೇ ಕಂತಿನಾಗೆ ಮೋಹಿನಿ ಊರೋರ ಕಾಲಿಗೆ ಬಿದ್ದು ತಪ್ಪಾತು ಅಂತಾಳಂತೆ. ಅದು ಮುಗಿದ ಕೂಡ್ಲೆ ನಿನ್ನ ಕರೀತಾರೆ. ನಿಮ್ಮವ್ವನ ಪರವಾಗಿ ನೀನೂ ಎರಡು ಮಾತು ಹೇಳಿಬಿಡು. ಅವ್ಳು ಬೇಕಂತ ಮಾಡ್ಲಿಲ್ಲ, ಏನೋ ಆಗಿಹೋತು, ಕ್ಷಮಿಸಿ ಅಂತ. ಊರೋರು ದೊಡ್ಡ ಮನಸ್ಸಿನೋರು, ಶಾಲು ಹೊದಿಸ್ತಾರೆ. ನಿನ್ನ ಮಗಳಿಗೂ ನಾಳೆ ಮದುವೆ ಗಿದುವೆ ಅಂತ ಐತಲ್ಲ. ಈ ಕೆಟ್ಟ ಹೆಸರು ಮುಗಿದುಹೋಗ್ಲಿ."

ನಾನು ಆ ಹೊತ್ತಿನಲ್ಲಿ ಅವರ ಮುಖವನ್ನಲ್ಲ, ಧಾರಿಣಿಯ ಮುಖವನ್ನು ನೋಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು. ಆಗಲಿ ಎಂದರೆ ಅವಳ ಪಾಲಿಗೆ ಅಜ್ಜಿ ಎಂದೆಂದಿಗೂ ಮೋಹಿನಿಯೇ. ಆಗದು ಎಂದರೆ ನಾನು ನಲವತ್ತೊಂದು ವರ್ಷ ಬಾಯಿ ಬಿಡದ ಮಾತನ್ನು ಬಿಡಬೇಕು. ಬಾಯಿ ಬಿಡಬೇಡ ಎಂದು ಅವ್ವ ಸಾಯುವ ತನಕ ಹೇಳಿದ್ದು ಈ ಮನುಷ್ಯನಿಗಾಗಿಯೇ. ಅವರು ನನ್ನ ಎದುರಿಗೆ ಕೂತು ಅವ್ವನ ಪರವಾಗಿ ಕ್ಷಮೆ ಕೇಳು ಎನ್ನುತ್ತಿದ್ದರು.

"ಕೊಟ್ರಣ್ಣ, ಅವತ್ತು ನಾನೆಲ್ಲಿದ್ದೆ ಗೊತ್ತಾ ನಿಮಗೆ?" ಎಂದೆ.

"ನೆಲ, ಚಂಪವ್ವ" ಎಂದರು, ಅಭ್ಯಾಸದಂತೆ. ಆಮೇಲೆ ತಾವೇ ನಕ್ಕರು. "ಅಯ್ಯೋ, ಈಗ ಅದೇನೂ ಬರಾದಿಲ್ಲ ಬಿಡು. ಹೇಳು."

ಹೇಳಿದೆ. ನನಗೆ ಆಗ ಒಂಬತ್ತು ವರ್ಷ. ಮೈಮೇಲೆಲ್ಲ ಸೀತಾಳೆ ಸಿಡುಬಿನ ಒಣಗುವ ಹಕ್ಕಳೆ. ಮಂತ್ರಿಗಳ ಕಣ್ಣಿಗೆ ಅಸಹ್ಯ ಎಂದು ಡ್ರಿಲ್ ಮೇಷ್ಟರು ಸಾಲಿನಿಂದ ಎಳೆದು ಆಚೆ ಕಳಿಸಿದ್ದರು. ಹಾಗಾಗಿ ನಾನು ಗುಡ್ಡದ ಮೇಲಿನ ಎಕ್ಸ್‌ಚೇಂಜಿನಲ್ಲಿ ಅವ್ವನ ಸ್ಟೂಲಿನ ಪಕ್ಕದಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಒಂದೂ ಹತ್ತಕ್ಕೆ ಅಣೆಕಟ್ಟಿನ ಕಾವಲುಗಾರನ ಕರೆ ಬಂತು. ಗೋಡೆಯಲ್ಲಿ ನೀರು ಚಿಮ್ಮುತ್ತಿದೆ, ಜನರನ್ನು ಹೊಳೆದಂಡೆಯಿಂದ ಎಬ್ಬಿಸಿ ಎಂದ. ಅವ್ವ ಎಂಜಿನಿಯರರ ಮನೆಗೆ ಹಚ್ಚಿದಳು, ಅವರು ವೇದಿಕೆಯ ಹತ್ತಿರ ಹೋಗಿದ್ದರು. ಪೊಲೀಸ್ ಠಾಣೆಗೆ ಹಚ್ಚಿದಳು, ಯಾರೂ ಎತ್ತಲಿಲ್ಲ. ಶಾಲೆಗೆ ಹಚ್ಚಿದಳು, ಹೆಡ್‌ಮಾಸ್ಟರ ಕೋಣೆಯಲ್ಲಿ ಫೋನು ಹೊಡೆದುಕೊಂಡೇ ಇತ್ತು. ಕೊನೆಗೆ ತಾಲೂಕು ಕಚೇರಿಯಲ್ಲಿ ಒಬ್ಬರು ಎತ್ತಿ, ಮಂತ್ರಿಗಳ ಕಾರು ಹೊರಟಾಗಿದೆ, ಈಗ ಮಕ್ಕಳು ಚದುರಿದರೆ ಮತ್ತೆ ಒಟ್ಟುಮಾಡುವವರು ಯಾರು, ಎಂಜಿನಿಯರ್ ಹೇಳದೆ ಎಕ್ಸ್‌ಚೇಂಜಿನ ಸೈರನ್ ಗುಂಡಿ ಒತ್ತಕೂಡದು ಎಂದರು. ಅವ್ವ ಅವರಿಗೆ ಏನೋ ಅಂದಳು. ಅವಳ ಬಾಯಲ್ಲಿ ಅಂಥ ಮಾತನ್ನು ನಾನು ಅದೊಂದೇ ಸಲ ಕೇಳಿದ್ದು.

"ಅಜ್ಜಿ ಬೈದ್ರಾ?" ಎಂದಳು ಧಾರಿಣಿ ಬಾಗಿಲಿನಿಂದ.

"ಬೈದಳು. ಆಮೇಲೆ ನನಗೆ ಓಡು, ಮೈದಾನಕ್ಕೆ ಓಡು, ಮೇಷ್ಟರಿಗೆ ಹೇಳು ಅಂದಳು. ಬೋರ್ಡು ಬಿಟ್ಟು ತಾನು ಹೋಗಂಗಿಲ್ಲ, ಇನ್ನೂ ಯಾರಾದ್ರೂ ಫೋನ್ ಎತ್ತಿಯಾರು ಅಂತ. ನಾನು ಓಡಿದೆ. ಮೇಷ್ಟರು ಕಿವಿ ಹಿಂಡಿದರು. ಹಕ್ಕಳೆ ಮೈ ಹೊತ್ಕೊಂಡು ಮತ್ತೆ ಬಂದೆಯಾ ಅಂತ ಎಲ್ಲರ ಮುಂದೆ ಕೇಳಿದರು. ಹುಡುಗರು ನಕ್ಕರು. ನಾನು ಅಳ್ತಾ ವಾಪಸ್ ಬಂದೆ."

ಕೊಟ್ರಣ್ಣ ಲೋಟವನ್ನು ಕೆಳಗಿಟ್ಟರು. "ಪಾಪ. ಅದು ನಿನ್ನ ತಪ್ಪಲ್ಲ ಬಿಡವ್ವ. ಆದ್ರೆ ನಿಮ್ಮವ್ವ ಸೈರನ್ ಒತ್ತಲಿಲ್ಲ ನೋಡು. ಒತ್ತಿದ್ರೆ..." ಎಂದರು.

ನನ್ನ ಸಿಟ್ಟು ಅಲ್ಲಿಯತನಕ ಅಲ್ಲಿ ಇಲ್ಲಿ ಅಲೆಯುತ್ತಿತ್ತು. ಟೀವಿಯವರ ಮೇಲೆ, ಊರಿನ ಮೇಲೆ, ಬಾಯಿ ಮುಚ್ಚಿಕೊಂಡೇ ಸತ್ತ ಅವ್ವನ ಮೇಲೆ. ಆ ಮಾತಿಗೆ ಅದು ನೆಟ್ಟಗೆ ನಿಂತುಕೊಂಡಿತು.

"ಒತ್ತಿದಳು. ನಾನು ವಾಪಸ್ ಬಂದಾಗ ಎರಡು ಗಂಟೆ. ಯಾರ ಅಪ್ಪಣೇನೂ ಬ್ಯಾಡ ಅಂತ ಎದ್ದು ನಿಂತು ಒತ್ತಿದಳು. ಕೂಗಲಿಲ್ಲ. ಎರಡು ಹೆಬ್ಬೆರಳೂ ಇಟ್ಟು, ಉಗುರು ಬೆಳ್ಳಗಾಗೋ ಹಂಗೆ ಒತ್ತಿ ಹಿಡಿದಳು. ಕೂಗಲಿಲ್ಲ. ಕಿಟಕಿಯಾಚೆ ನೋಡಿದಳು. ಕಂಬದಿಂದ ಸೈರನ್ನಿಗೆ ಹೋಗೋ ತಂತಿ ತುಂಡಾಗಿ ನೇತಾಡ್ತಿತ್ತು. ಯಾರು ತೆಗೆದರು ಇದನ್ನ ಅಂತ ನನ್ನ ಕೇಳಿದಳು. ನಾನು ಹೇಳಿದೆ. ಮೈದಾನದ ಮೂಲೆ ಕಂಬದ ಮ್ಯಾಲೆ ಕೊಟ್ರಣ್ಣ ಹತ್ತಿದಾನೆ, ವೇದಿಕೆ ಮೈಕಿಗೆ ಲೈನು ಕೊಡ್ತಾ ಇದಾನೆ ಅಂತ. ನನ್ನ ಕಣ್ಣಾರೆ ನೋಡಿದ್ದೆ. ನೀವು ಕಂಬದ ಮೇಲಿಂದ ನನ್ನ ನೋಡಿ, ಯಾಕೆ ಅಳ್ತೀಯ ಕೂಸೇ ಅಂದ್ರಿ."

ಅವರ ಬಾಯಿ ಸ್ವಲ್ಪ ತೆರೆದುಕೊಂಡಿತ್ತು.

"ಮೂರು ದಿನ ನೀವು ಕೆಸರು ತೋಡಿದ್ರಿ. ಹಾಲೇಶನ್ನ ಡ್ರಮ್ಮಿನ ಪಟ್ಟಿ ಸಮೇತ ಎತ್ತಿದ್ದನ್ನ ಅವ್ವ ನೋಡಿದಳು. ಆಯೋಗದೋರು ಕೇಳಿದಾಗ, ಒತ್ತಿದೆ, ಕೂಗಲಿಲ್ಲ ಅಂದಳು. ಯಾಕೆ ಕೂಗಲಿಲ್ಲ ಅಂದರು. ಗೊತ್ತಿಲ್ಲ ಅಂದಳು. ಗೊತ್ತಿತ್ತು ಅವಳಿಗೆ. ಮನೆಗೆ ಬಂದು ನನಗಂದಳು, ಅವನಿಗೆ ಸಾಕಾಗೈತೆ, ನೀನು ಬಾಯಿ ಬಿಡಬ್ಯಾಡ ಅಂತ. ಅವಳ ಕೆಲಸ ಹೋಯ್ತು. ಕಣ್ಣು ಹೋಗೋ ತನಕ ಊರೋರ ರವಿಕೆ ಹೊಲಿದಳು. ನೀವು ಅಧ್ಯಕ್ಷರಾದ್ರಿ. ಈಗ ನಾನು ಬಂದು ಕ್ಷಮೆ ಕೇಳಬೇಕಾ ಕೊಟ್ರಣ್ಣ? ಯಾರ್ನ ಕೇಳಲಿ? ನಿಮ್ಮನ್ನ ಕೇಳಲಾ?"

ಧಾರಿಣಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅವಳು ನೆಲ ನೋಡುತ್ತಿದ್ದಳು.

ಕೊಟ್ರಣ್ಣನ ಕುರ್ಚಿಯ ಕೆಳಗೆ ಕೆಂಪು ನೀರು ಏಳುತ್ತಿತ್ತು. ನನ್ನ ಕಡೆಯಿಂದಲ್ಲ, ಅವರ ಕಡೆಯಿಂದ. ನಾನು ಐವತ್ತು ವರ್ಷದ ಬಾಳಿನಲ್ಲಿ ಒಬ್ಬ ಮನುಷ್ಯನಿಗೆ ಅಷ್ಟು ನೀರು ಬಂದದ್ದನ್ನು ಕಂಡಿಲ್ಲ. ಪಾದ ಮುಳುಗಿತು, ಮೀನಖಂಡ ಮುಳುಗಿತು. ಡೀಸೆಲ್ಲಿನ ವಾಸನೆ, ಹುಲ್ಲಿನ ವಾಸನೆ ಮನೆಯೆಲ್ಲ ತುಂಬಿತು. ಆಹ್ವಾನಪತ್ರಿಕೆಗಳ ಕಟ್ಟು ತೇಲಿ ಬಿಚ್ಚಿಕೊಂಡು ಮೂಲೆಗೆ ಹೋಯಿತು.

"ಒತ್ತಿದ್ಲಾ?" ಎಂದರು. ಅವರ ದನಿ ನನಗೆ ಗುರುತೇ ಸಿಗಲಿಲ್ಲ.

"ಎರಡು ಸಲ."

"ಒತ್ತಲೇ ಇಲ್ಲ ಅಂತ ಬರೆದಿದ್ರಲ್ಲ. ಕಾಗದದಾಗೆ ಬರೆದಿದ್ರು. ಅದನ್ನ ಓದಿ ಓದಿ ನಾನು... ಅವ್ಳು ಒತ್ತಿಲ್ಲ ಅಂದ ಮ್ಯಾಲೆ ತಂತಿ ಇದ್ದರೆಷ್ಟು ಬಿಟ್ಟರೆಷ್ಟು ಅಂದ್ಕಂಡೆ. ನಲವತ್ತೊಂದು ವರ್ಷ ಅದ್ನೇ ಅಂದ್ಕಂಡಿದೀನಿ ಚಂಪವ್ವ. ಎಂಜಿನಿಯರ್ ಸಾಹೇಬ್ರು ಹೇಳಿದ್ರು, ಒಂದು ತಾಸಿನ ಮಟ್ಟಿಗೆ ತಗಿ ಅಂತ. ಮೈಕು ಮಾತಾಡ್ತಿರ್ಲಿಲ್ಲ. ಒಂದು ತಾಸಿಗೆ."

"ಗೊತ್ತು" ಎಂದೆ.

ಅವರು ನನ್ನನ್ನು ನೋಡಿದರು. ಸಮಾಧಾನದ ಒಂದು ಮಾತು ಹೇಳುತ್ತೇನೆ ಎಂದು ಕಾದಿರಬೇಕು. ಅವ್ವನಾಗಿದ್ದರೆ ಹೇಳುತ್ತಿದ್ದಳು. ನಾನು ಅವ್ವನಲ್ಲ. ಅವಳ ಕರುಣೆಯ ಬಾಡಿಗೆಯನ್ನು ಹದಿನಾಲ್ಕು ವರ್ಷ ಅವಳು ಕೊಟ್ಟಳು, ಮಿಕ್ಕದ್ದನ್ನು ನಾನು ಕೊಟ್ಟೆ, ನನ್ನ ಮಗಳು ಕೊಡಬೇಕಾಗಿಲ್ಲ. ಬಾಯಿಗೆ ಬಂದ ಸಮಾಧಾನವನ್ನು ನುಂಗಿ ಸುಮ್ಮನೆ ಕೂತೆ. ನೀರು ನನ್ನ ಕಾಲಿಗೂ ಬಂತು, ತಣ್ಣಗೆ. ಅದರ ಜೊತೆಗೆ ಅವ್ವ ಬಂದಳು. ಮೂಗಿನ ಎಡಗಡೆಯ ಸಣ್ಣ ಗುಳಿ, ಹೆಡ್‌ಫೋನಿನ ಪಟ್ಟಿ ಕೂತು ಕೂತು ತಗ್ಗಾದ ಬೈತಲೆ, ತುರುಬಿಗೆ ಸಿಕ್ಕಿಸಿದ ಮೋಟು ಪೆನ್ಸಿಲು, ಬೆಳ್ಳಗಾದ ಹೆಬ್ಬೆರಳು. ಬಣ್ಣವಿಲ್ಲದ, ಒಡೆದ ತುಟಿ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಧಾರಿಣಿ ನೀರಿನಲ್ಲಿ ಕಾಲೆಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. "ಎರಡೂ ಹೆಬ್ಬೆರಳಾ ಅಮ್ಮ?" ಎಂದು ಕೇಳಿದಳು. ತನ್ನ ಕೈಯ ಎರಡು ಹೆಬ್ಬೆರಳನ್ನೂ ನೋಡಿಕೊಂಡಳು.

ಕೊಟ್ರಣ್ಣ ಕುರ್ಚಿಯ ಕೈ ಹಿಡಿದು ಎದ್ದರು. ನೀರು ಇಂಗಲಿ ಎಂದು ಕಾಯಲಿಲ್ಲ, ಈರುಳ್ಳಿಯ ಬೆಲೆಗೂ ಹೊರಳಲಿಲ್ಲ. ಒದ್ದೆ ಪಂಚೆಯಲ್ಲೇ ಹೊಸಿಲು ದಾಟಿದರು. ನೀರೂ ಅವರ ಜೊತೆಯಲ್ಲೇ ಹೊಸಿಲು ದಾಟಿತು. ಹೊರಗೆ ಸುಡು ಬಿಸಿಲು. ಅವರು ನಡೆದಲ್ಲೆಲ್ಲ ಓಣಿಯ ಒಣ ಮಣ್ಣು ಒಡೆದು ಕೆಂಪಗೆ ಉಕ್ಕುತ್ತಿತ್ತು, ಎರಡೂ ಬದಿಯ ಮನೆಗಳ ಹೊಸ ಕಾರ್ಪೆಟ್ಟುಗಳ ಕಡೆಗೆ ಹರಿಯುತ್ತಿತ್ತು. ಚನ್ನವೀರಮ್ಮ ಸೀರೆ ಎತ್ತಿಕೊಂಡು ಬಾಗಿಲಿಗೆ ಬಂದಳು.

"ಅಯ್ಯೋ ಅಧ್ಯಕ್ಷರೇ, ಇದೇನಿದು? ಇವತ್ತು ರಜೆ ಅಲ್ವಾ? ಯಾರ ಸರದಿ ಇವತ್ತು?" ಎಂದು ಕೂಗಿದಳು.

ಕೊಟ್ರಣ್ಣ ನಿಂತರು. "ನಂದು" ಎಂದರು.

ಆಮೇಲೆ ಅವಳ ಜಗಲಿಯ ಮೇಲೆ ಕೂತು, ತಲೆ ತಗ್ಗಿಸಿಕೊಂಡು, ಕಂಬ ಹತ್ತಿದಲ್ಲಿಂದ ಹೇಳತೊಡಗಿದರು. ಚನ್ನವೀರಮ್ಮ ಒಂದು ಸಲ "ನೆಲ" ಎಂದಳು, ಎರಡನೆಯ ಸಲ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕಾಲಿನ ಕೆಳಗಿನಿಂದಲೂ ನೀರು ಬಂತು. ಅವಳು ಅಕ್ಕನ ಹೆಸರು ಹಿಡಿದು ಅಳತೊಡಗಿದಳು, ಪಿಟೀಲಿಲ್ಲದೆ. ಮಾತು ಮುಗಿದ ಮೇಲೆ ಕೊಟ್ರಣ್ಣ ಎದ್ದರು, ತೂರಾಡಿದರು, ಗೋಡೆ ಹಿಡಿದುಕೊಂಡು ಮುಂದಿನ ಮನೆಯ ಕಡೆಗೆ ತಿರುಗಿದರು.

ಧಾರಿಣಿ ನನ್ನ ತೋಳು ಹಿಡಿದಳು. "ಅಮ್ಮ, ಬಿದ್ದುಬಿಡ್ತಾರೆ. ಹೋಗಿ ಕರ್ಕೊಂಡು ಬರ್ಲಾ?"

"ಬ್ಯಾಡ" ಎಂದೆ. "ಹೇಳ್ಲಿ. ಇನ್ನೂ ಎಂಟು ಓಣಿ ಅವೆ."